ಗಂಟು ಬಿಗಿಯಾಗಿಯೇ ಇತ್ತು

ನನ್ನ ಚಿಕ್ಕಮ್ಮ ಪಾರ್ಕಿನ ಗೇಟಿನ ಹತ್ತಿರ ಗ್ಯಾಸ್ ಬಲೂನು ಮಾರುತ್ತಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ಹಾಕಿದ ಗಂಟು ಬಿಚ್ಚಲು ಹಲ್ಲೇ ಬೇಕಿತ್ತು. ಸಿಲಿಂಡರ್ ಹೊತ್ತುಕೊಂಡು ಹೋಗಲಾಗದೆ ಸಂಜೆಯೇ ಬಲೂನುಗಳಿಗೆ ಗ್ಯಾಸ್ ತುಂಬಿ, ಇದ್ದೊಂದು ಕೋಣೆಯ ಸೂರಿಗೆ ಬಿಟ್ಟಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಅವು ಸೊರಗಿರುತ್ತಿದ್ದವು.

ಬೈಗುಳವೆಲ್ಲ ಚಿಕ್ಕಪ್ಪನ ಪಾಲಿಗೆ. ಕಾಲು ಬಿದ್ದುಹೋಗಿ ಮಂಚ ಹಿಡಿದಿದ್ದ ಪಾಪದ ಮನುಷ್ಯ.

“ರೀ, ಮಲಗಿದಲ್ಲೇ ದಾರ ಎಳೆದು ಗಂಟು ಸಡಿಲ ಮಾಡ್ತೀರಾ? ಕೈ ಸುಮ್ನಿರಲ್ವಾ ನಿಮ್ಗೆ?”

“ಅಯ್ಯೋ, ನಾನು ಮುಟ್ಟಿಲ್ಲ ಕಣೇ!”

ವರ್ಷಗಟ್ಟಲೆ ಇದೇ ರಾಮಾಯಣ. ಆದರೂ ಮಂಚದ ಪಕ್ಕದ ಸ್ಟೌ ಮೇಲೆ ಬೆಳಗಿನ ಚಹಾ ಮಾಡಿಕೊಡುತ್ತಿದ್ದವನು ಅವನೇ. ಗ್ಯಾಸ್ ತುಂಬುವಾಗ ಮಾತ್ರ ಬೆಂಕಿ ಬೇಡ, ಗಂಟು ಬಿದ್ದ ಮೇಲೆ ಭಯವೇನು ಅನ್ನುವುದು ಅವಳ ಲೆಕ್ಕ.

ಒಮ್ಮೆ ಶಾಲೆಯೊಂದರಿಂದ ದೊಡ್ಡ ಆರ್ಡರ್ ಬಂತು. ಸೂರೇ ಕಾಣದಷ್ಟು ಬಲೂನು. ಈ ಸಲ ಒಂದೂ ಸೊರಗಬಾರದೆಂದು ಅವಳು ಕಿಟಕಿ ಮುಚ್ಚಿ ಸಂದಿಗೆಲ್ಲ ಹಳೇ ಬಟ್ಟೆ ತುರುಕಿದಳು. ಬೆಳಿಗ್ಗೆ ಕೊಡ ಹಿಡಿದು ನಲ್ಲಿಗೆ ಹೋದಳು. ಒಳಗೆ ಚಿಕ್ಕಪ್ಪ ಚಹಾಕ್ಕೆಂದು ಕಡ್ಡಿ ಗೀರಿದ. ಬಾಗಿಲು ಬೀದಿಗೆ ಬಂದು ಬಿತ್ತು.

ಆಸ್ಪತ್ರೆಯಲ್ಲಿ ಅವನು ಬ್ಯಾಂಡೇಜಿನೊಳಗಿಂದ ಅಂದದ್ದು ಒಂದೇ ಮಾತು: “ಗಂಟು ನಾನು ಮುಟ್ಟಿಲ್ಲ ಕಣೇ.”

ವಿಚಾರಣೆಗೆ ಬಂದ ಅಗ್ನಿಶಾಮಕದವರು ಹೊರಗೆ ವರಾಂಡದಲ್ಲಿ ನಮಗೆ ಬಿಡಿಸಿ ಹೇಳಿದರು: “ಗಂಟಿನ ತಪ್ಪಲ್ಲಮ್ಮ. ರಬ್ಬರ್ ಗಟ್ಟಿ ಅಂತ ಕಾಣುತ್ತೆ ಅಷ್ಟೆ, ಅದರ ಕಣಗಳ ಮಧ್ಯೆ ಖಾಲಿ ಜಾಗ ಇರುತ್ತೆ. ಈ ಹೈಡ್ರೋಜನ್ ಗ್ಯಾಸ್ ಅಲ್ಲೇ ತೂರ್ಕೊಂಡು ಬರುತ್ತೆ. ನೀವು ಸಂದಿಯೆಲ್ಲ ಮುಚ್ಚಿದ್ರಿ, ಅದು ಹೋಗೋದೆಲ್ಲಿಗೆ? ಕೋಣೇಲೇ ತುಂಬ್ಕೊಳ್ತು.”

ನನಗೆ ಮೈಯೆಲ್ಲ ಉರಿದುಹೋಯಿತು. ಸಿಲಿಂಡರ್ ಕೊಡುವವನಿಗೆ ಇದು ಗೊತ್ತಿರಲಿಲ್ಲವೇ? ಬಾಯಲ್ಲೇನು ಕಡುಬು ಇಟ್ಟುಕೊಂಡಿದ್ದನೇ?

ಚಿಕ್ಕಮ್ಮ ಅಳಲಿಲ್ಲ. ನನ್ನ ಕೈ ಹಿಡಿದು ಒಳಗೆ ದರದರ ಎಳೆದುಕೊಂಡು ಹೋದಳು.

“ಅವರು ಹೇಳಿದ್ದನ್ನ ನಿಮ್ಮ ಚಿಕ್ಕಪ್ಪಂಗೆ ಹೇಳೋ. ನಾನು ಹೇಳಿದ್ರೆ ನಂಬಲ್ಲ. ನೀವು ಮುಟ್ಟಿರ್ಲಿಲ್ಲ ಅಂತ ಹೇಳು.”

ಬಾಗಿ ಹೇಳಿದೆ. ರಬ್ಬರಿನ ಕಣ, ನಡುವಿನ ಖಾಲಿ ಜಾಗ, ಎಲ್ಲ ಹೇಳಿದೆ. ನರ್ಸ್ ಬಂದು ಅವನ ನಾಡಿ ಹಿಡಿದು ನೋಡಿ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು, ನನ್ನ ಭುಜ ಮುಟ್ಟಿ ಸಾಕು ಅಂದಳು.

“ಸಾಕಾಗಿಲ್ಲ,” ಅಂದಳು ಚಿಕ್ಕಮ್ಮ. “ಇನ್ನೊಂದ್ಸಲ ಹೇಳೋ.”