ಮಾದೇವಿಯ ಹಾಜರಿ

ಆಗ ಮಹಾರಾಷ್ಟ್ರದ ಗಡಿಯ ಹನ್ನೂರಿನ ನಮ್ಮ ಕನ್ನಡ ಸಾಲೆಯಲ್ಲಿ ತಿಂಗಳಿಗೊಮ್ಮೆ ಅಕ್ಕಿ ಹಂಚುತ್ತಿದ್ದರು. ಹಾಜರಿ ತುಂಬಿದವರಿಗೆ ಮಾತ್ರ. ಆ ದಿನ ಎಲ್ಲರ ಕೈಯಲ್ಲೂ ಬರೆಯುವ ಪಾಟಿಯ ಜೊತೆ ಒಂದು ಚೀಲ, ವರ್ಗದ ತುಂಬ ಗೋಣಿಯ ಧೂಳಿನ ವಾಸನೆ. ರೊಟ್ಟಿ ಉಣ್ಣುವ ಊರಲ್ಲಿ ಅನ್ನವೆಂದರೆ ಹಬ್ಬ. ನಮ್ಮ ಮನೆಯಲ್ಲಿ ಮಾತ್ರ ಅವ್ವ ಆ ಅಕ್ಕಿಯನ್ನು ಮುಗ್ಗಲು ಎಂದು ಎಮ್ಮೆಗೆ ಕುದಿಸಿ ಹಾಕುತ್ತಿದ್ದಳು.

ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳು ಮಾದೇವಿ. ಗಜಗದ ಆಟದಲ್ಲಿ ಅವಳನ್ನು ಗೆದ್ದವರಿಲ್ಲ. ಅವರಿಗೆ ಹೊಲವಿರಲಿಲ್ಲ, ಅವಳ ಅವ್ವ ನಮ್ಮ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದಳು. ಸುಗ್ಗಿಯಲ್ಲಿ ಜೋಳದ ತೆನೆ ಮುರಿಯಲು ಮಾದೇವಿಯೂ ಬರಬೇಕು. ಕೂಲಿಯೂ ತೆನೆಯೇ, ವರ್ಷದ ರೊಟ್ಟಿ ಅದರಲ್ಲೇ. ಹೊಲಕ್ಕೆ ಬಂದರೆ ಸಾಲೆಯ ಅಕ್ಕಿ ತಪ್ಪುತ್ತದೆ. ಎರಡೂ ಕಡೆ ಇರಲು ಅವಳಿಗೇನು ಎರಡು ಮೈ ಇದ್ದವೇ?

ಗುರುಜಿ ಕಾಯಿಲೆ ಎಂದು ಬರೆದುಕೊಂಡು ಹೇಗೋ ಸಂಭಾಳಿಸುತ್ತಿದ್ದರು. ಆದರೆ ಆ ಸಲ ಅಕ್ಕಿ ಹಂಚುವ ದಿನವೇ ಅಕ್ಕಲಕೋಟದಿಂದ ತಪಾಸಣೆಗೆ ಸಾಹೇಬರೊಬ್ಬರು ಬಂದು ಹಾಜರಿ ಪುಸ್ತಕ ತೆರೆದರು.

"ಈ ಹುಡುಗಿ ಎಂಟ ದಿವಸ ಎಲ್ಲಿ ಹೋಗಿದ್ಳರಿ?"

ಮಾದೇವಿ ಚೀಲ ಹಿಡಿದು ಎದ್ದಳು. ಗುರುಜಿ ಗಡಬಡಿಸಿ, "ಜ್ವರ ಬಂದಿತ್ರಿ ಸಾಹೇಬ್ರ," ಎಂದರು.

ನಾನು ಎದ್ದು ನಿಂತೆ. ನನ್ನನ್ನು ಯಾರೂ ಕೇಳಿರಲಿಲ್ಲ. ವರ್ಗದಲ್ಲೇ ಶಾಣ್ಯಾ ಹುಡುಗಿ ನಾನು, ಬಾಯಿ ಮುಚ್ಚಿಕೊಂಡು ಕೂಡುವುದು ಹೇಗೆ!

"ಇಲ್ರಿ ಸಾಹೇಬ್ರ, ಜ್ವರ ಏನೂ ಇಲ್ರಿ. ನಮ್ಮ ಹೊಲದಾಗ ತೆನಿ ಮುರ್ಯಾಕ ಬಂದಿದ್ಳರಿ. ದಿನಾ ಸಂಜಿಕ ನಾನ ನೋಡೀನ್ರಿ."

ಸಾಹೇಬರು "ಶಾಬ್ಬಾಸ್" ಎಂದು ನನ್ನ ತಲೆ ಸವರಿದರು. ಗುರುಜಿ ನನ್ನತ್ತ ನೋಡಲಿಲ್ಲ. ಮಾದೇವಿ ಖಾಲಿ ಚೀಲ ಮಡಚಿ ಬಗಲಲ್ಲಿ ಇಟ್ಟುಕೊಂಡಳು. ನನಗೆ ಅಕ್ಕಿ ಸಿಕ್ಕಿತು.

ಮರುದಿನದಿಂದ ಅವಳು ಬರಲಿಲ್ಲ. ಅವಳ ಅವ್ವನನ್ನು ಕೇಳಿದೆ. ಸಿಟ್ಟಿಲ್ಲದೆ ಹೇಳಿದಳು, "ಅಕ್ಕಿ ಇಲ್ಲಂದ ಮ್ಯಾಲ ಬರೇ ಪಾಟಿ ಹಿಡಕೊಂಡ ಏನ ಮಾಡ್ತಾಳ ತಂಗಿ? ಕೆಲಸರ ಮಾಡ್ಲಿ."

ನನಗೇನೂ ಅನ್ನಿಸಲಿಲ್ಲ. ಈಗಲೂ ನೆನೆದರೆ ಅಳು ಬರುವುದಿಲ್ಲ. ಜೋಮು ಹಿಡಿದ ಕಾಲಿನ ಹಾಗೆ, ಇದೆ ಅಂತ ಗೊತ್ತು, ಅಷ್ಟೇ.

ಈಗ ಆ ಸಾಲೆಯಲ್ಲಿ ದಿನವೂ ಖಿಚಡಿ ಮಾಡುತ್ತಾರೆ. ಒಂದು ದಿನ ತಪ್ಪಿದರೆ ಆ ದಿನದ್ದಷ್ಟೇ ತಪ್ಪುತ್ತದೆ. ಹೋದ ಸುಗ್ಗಿಗೆ ಸೋಲಾಪುರದಿಂದ ಮಗಳನ್ನು ಕರೆದುಕೊಂಡು ಹೊಲಕ್ಕೆ ಹೋಗಿದ್ದೆ. ಮಾದೇವಿ ತೆನೆ ಮುರಿಯುತ್ತಿದ್ದಳು. ಆ ದಿನದ ಮಾತು ಎತ್ತಬೇಕೆಂದುಕೊಂಡೆ. ಅಷ್ಟರಲ್ಲಿ ಅವಳೇ ನನ್ನ ಮಗಳನ್ನು ಕೇಳಿದಳು.

"ಇವತ್ತ ಸಾಲಿ ಇಲ್ಲೇನವಾ?"

"ನಾನ ಸುಟ್ಟಿ ಹಾಕ್ಸೀನಿ," ಎಂದೆ.

ಚಿಕ್ಕಂದಿನಲ್ಲಿ ನನ್ನ ಜಡೆ ಎಳೆದು ಆಡಿದವಳು ನನ್ನತ್ತ ತಿರುಗಿ, "ಸಾಲಿ ತಪ್ಪಸಬ್ಯಾಡ್ರಿ ಅಕ್ಕಾರ," ಎಂದಳು.

ಹೂಂ ಎಂದೆ.