ಬಾಣಂತಿ ಮಡುವಿನ ಹದ್ದು

ಮೊನ್ನೆ ಮುಂಜಾನೆ ನಮ್ಮ ಅಂಗಳದ ಕೋಳಿಮರಿಗಳ ಮ್ಯಾಲ ಸುತ್ತು ಹಾಕೋ ಹಕ್ಕಿ ನೋಡಿ ನಮ್ಮ ಮನಿಯಾಕಿ "ಹದ್ದು ಬಂತು, ಹದ್ದು ಬಂತು" ಅಂತ ಒದರಿದಳು. ಮರಿಗಳು ತಾಯಿ ರೆಕ್ಕಿ ಕೆಳಗ ಹೊಕ್ಕವು, ಖರೆ ಬಾಜೂ ಮನಿಯವರು ಮಾತ್ರ ಹೊರಗ ಬಂದ್ರು. ನಡುವಿನ ಗ್ವಾಡಿ ಯಾರ ಹದ್ದಿನ್ಯಾಗ ಅದ ಅಂತ ನಮಗೂ ಅವರಿಗೂ ತಕರಾರು ನಡೆದಿತ್ತು ನೋಡ್ರಿ, ಹದ್ದು ಅಳೆಯೋ ಸರ್ಕಾರಿ ಮಂದಿ ಬಂದಾರಂತ ತಿಳ್ಕೊಂಡಿದ್ರು. ಮ್ಯಾಲ ಹಾರೋದೂ ಹದ್ದೇ, ಹೊಲದ ಮೇರಿ ಕಾಯೋದೂ ಹದ್ದೇ. ಒಂದು ನಮ್ಮ ಮುತ್ತಜ್ಜಂದಿರ ಕನ್ನಡದ್ದು, ಇನ್ನೊಂದು ನಿಜಾಮರ ದಫ್ತರದಿಂದ ಇಳಿದು ನಮ್ಮ ಬಾಯಾಗ ಮನಿ ಮಾಡಿದ್ದು. ಎರಡೂ ಒಂದೇ ಅಂಗಿ ಹಾಕ್ಕೊಂಡು ತಿರುಗೋದ್ರಿಂದ ಯಾವುದನ್ನ ಕರದ್ರ ಯಾವುದು ಓ ಅಂತದ ಹೇಳಾಕ ಬರೂದಿಲ್ಲ. ನಿಮಗ ತ್ರಾಸ ಇಲ್ಲಂದ್ರ ಬರ್ರಿ, ಇದೇ ಮಾತು ಹಿಡ್ಕೊಂಡು ಹಿಂಗ ಭೀಮಾ ನದಿ ದಂಡಿತನಕ ಹೋಗಿ ಬರೂಣು.

ಅಫಜಲಪುರ ತಾಲೂಕಿನ್ಯಾಗ ನಮ್ಮದು ಸೊನ್ನದ ಕಡಿ ಒಂದು ಸಣ್ಣ ಊರು. ಮಳಿಗಾಲದಾಗ ಭೀಮಾ ಉಬ್ಬಿ, ಇಳಿವಾಗ ಒಂದಿಷ್ಟು ನೀರು ತಗ್ಗಿನ್ಯಾಗ ಮರತು ಬಿಟ್ಟು ಹೋಗ್ತಿತ್ತು. ಸಮುದ್ರ ಅಂದ್ರ ಪುಸ್ತಕದಾಗ ಅಷ್ಟೇ ಕಂಡಿದ್ದ ನಮಗ ಅದೇ ಸಮುದ್ರ, ಅದೇ ಹಿನ್ನೀರು. ನಡುವ ಜಾಲಿಗಿಡದ ನಡುಗಡ್ಡಿ. ಚಳಿ ಬೀಳೋ ಹೊತ್ತಿಗಿ ಅಲ್ಲಿ ಬಣ್ಣದ ಕೊಕ್ಕರಿಗಳು ಬಂದು ಗೂಡು ಕಟ್ಟಿ ಮರಿ ಮಾಡ್ತಿದ್ವು. ಹಡಿಯಾಕ ತವರಿಗಿ ಬಂದ ಹೆಣ್ಣುಮಕ್ಕಳು ಅವು ಅಂತ ಊರವರು ತಿಳಿದು, ಆ ನೀರಿಗಿ ಬಾಣಂತಿ ಮಡು ಅಂತ ಹೆಸರಿಟ್ಟಿದ್ರು. ಅಲ್ಲಿ ಬಲಿ ಬೀಸಬಾರ್ದು, ಕಲ್ಲು ಒಗಿಬಾರ್ದು, ಗದ್ದಲ ಮಾಡಬಾರ್ದು. ಮೊದಲ ಮರಿ ಕೂಗಿದ ದಿನ ಹೆಣ್ಣುಮಕ್ಕಳು ದಂಡಿಗಿ ಬಂದು ಬಾಣಂತಿಗಿ ಕೊಡೋಹಂಗ ಖಾರ್ಕಿ, ಕೊಬ್ರಿ ಇಟ್ಟು ಹೋಗ್ತಿದ್ರು. ಕೊಕ್ಕರಿ ಖಾರ್ಕಿ ತಿನ್ನೂದಿಲ್ಲ ಅನ್ನೂದು ಎಲ್ಲರಿಗೂ ಗೊತ್ತಿತ್ತು; ತಿಂತಿದ್ದವ ನಾನು.

ಅದು ನಿಜಾಮರ ಕಾಲ, ನಾನು ಸಾಲಿ ಕಂಡದ್ದು ಮೀಸಿ ಬಂದ ಮ್ಯಾಲ. ಸಣ್ಣ ಹುಡುಗರ ಹಿಂದ ಕೂತು, ಮೊಣಕಾಲು ಎಲ್ಲಿ ಇಡೂದು ತಿಳಿಲಾರ್ದ, ಉರ್ದು ಅಲಿಫ್ ಬೇ ತಿದ್ದುತಿದ್ನಿ. ಶುಕ್ರವಾರ ಸೂಟಿ. ಅವತ್ತು ಅಂಬಿಗರ ನಾಗವ್ವನ ತೊಗಲಿನ ಹರಗೋಲಿನ್ಯಾಗ ಹತ್ತಿ ಮಡುವಿನ ತುಂಬ ತಿರುಗೂದೇ ನನ್ನ ಖರೆ ಸಾಲಿ. ಈಸು ಬರದ ನಾನು ಒಣ ಸೋರಿಬುರುಡಿ ನಡಕ್ಕ ಕಟ್ಕೊಂಡು ನೀರಿಗಿ ಇಳಿದ್ರ, ನೀರನಾಯಿಗಳು ತಲಿ ಎತ್ತಿ, ಇದ್ಯಾವ ಜಾತಿ ಪ್ರಾಣಿ ಅಂತ ನನ್ನ ನೋಡ್ತಿದ್ವು. ನಾವು ವನ್ಯಜೀವಿ ನೋಡಾಕ ಹೋಗ್ತೇವಿ ಅಂತೀವಿ. ಅವುಗಳಿಗೂ ವಾರಕ್ಕೊಮ್ಮಿ ಒಂದು ತಮಾಷಾ ಸಿಗ್ತಿತ್ತು ಅನ್ನೂದು ನನ್ನ ಸಮಾಧಾನ.

ನಾಗವ್ವಗ ಲೋಕದಾಗ ವೈರಿ ಅಂದ್ರ ಒಂದೇ. ಮಡುವಿನ ಆಚೆ ತುದಿಗಿ ಒಂದು ಒಣ ಜಾಲಿಗಿಡ, ಅದರ ಮ್ಯಾಲ ಕೂಡೋ ಹದ್ದು. ಕೊಕ್ಕರಿ ಮರಿ ಒಯ್ತಿತ್ತು ಅದು. ನಾಗವ್ವಗ ಮಕ್ಕಳಿಲ್ಲ, ಗಂಡ ಇಲ್ಲ. ಅದು ಒಂದು ಮರಿ ಒಯ್ದ ದಿನ ಆಕಿ ರೊಟ್ಟಿ ಮುಟ್ತಿರಲಿಲ್ಲ.

ಒಂದು ವರ್ಷ ಎಳಿ ಜೋಳದ ತೆನಿ ಸುಟ್ಟು ಸೀತನಿ ತಿನ್ನೋ ದಿನದಾಗ, ಮಡು ನಮ್ಮ ಊರಿಗಿ ಸೇರಿದ್ದೋ ಆಚೆ ದಂಡಿ ಜಾಗೀರಕ್ಕ ಸೇರಿದ್ದೋ ಅಂತ ಸರ್ಕಾರದಿಂದ ಅಳತಿ ಬಂತು. ಜಾಗೀರಕ್ಕ ಹೋತಂದ್ರ ಅವರ ಮನಿಗಿ ಬರೋ ಮಹೆಮಾನರು ಬಂದೂಕ ತಗೊಂಡು ಶಿಕಾರಿಗಿ ಬರೋದು ಪಕ್ಕಾ ಆಗಿತ್ತು. ಗೂಡಿನ್ಯಾಗ ಮರಿಗಳಿಗಿ ಇನ್ನಾ ರೆಕ್ಕಿ ಬಲಿತಿರಲಿಲ್ಲ. ನಾಗವ್ವ ನನ್ನ ಕೈ ಹಿಡಿದು, "ತಮ್ಮಾ, ನಿನಗ ಅವರ ಭಾಷಾ ಬರ್ತದಲ್ಲ, ಏನರ ಹೇಳಲೇ" ಅಂದಳು. ನಾನೂ ಅಂಗಿ ಝಾಡಿಸ್ಕೊಂಡು, ಅಳತಿ ಮಾಡಾಕ ಹರಗೋಲು ಹತ್ತಿದ ಅಮೀನ ಸಾಹೇಬರ ಮುಂದ ನಿಂತ್ನಿ. ಅವರು "ನಮಗೆ ಕನ್ನಡ ಬರ್ತದೆ, ಸುಮ್ಮನೆ ಕೂಡು" ಅಂದುಬಿಟ್ರು. ನನ್ನ ಉರ್ದು ಹರಗೋಲಿನ ತಳದಾಗ ಮುದುಡಿ ಕೂತಿತು.

ಜಾಗೀರದ ಪರವಾಗಿ ಹೇಳಾಕ ಬಂದಿದ್ದ ಅವರ ಮುನ್ಶಿ ಹೊಟ್ಟಿ ತುಂಬ ಸೀತನಿ ತಿಂದು ದಂಡಿ ಮ್ಯಾಲ ನೆರಳಿನ್ಯಾಗ ಮಲಗಿದ್ರು. ಹರಗೋಲು ನಡುನೀರಿಗಿ ಬಂದಾಗ ಅಮೀನ ಸಾಹೇಬರು ಕೇಳಿದ್ರು, "ಅವ್ವಾ, ಇಲ್ಲಿ ಹದ್ದು ಎಲ್ಲಿದೆ?"

ನಾಗವ್ವ ಹುಟ್ಟು ಎತ್ತಿ ಆಚೆ ತುದಿಗಿ ತೋರಿಸಿದಳು. "ಅಗಾ, ಆ ಒಣ ಜಾಲಿಗಿಡಕ್ಕ ಅದ ನೋಡ್ರಿ."

"ಖಾಯಂ ಅಲ್ಲೇ ಇದೆಯಾ?"

"ಖಾಯಂ ಅಲ್ಲೇರಿ ಸಾಹೇಬ್ರ. ನಮ್ಮ ಅತ್ತಿ ಕಾಲದಿಂದ ನೋಡಾಕತ್ತೇನಿ. ಸರಿಸಬೇಕಂತ ನಾನೂ ಭಾಳ ಖಟಪಟಿ ಮಾಡಿದ್ನಿ."

ಸಾಹೇಬರ ಮುಖ ಗಂಭೀರ ಆತು. "ಹದ್ದು ಸರಿಸೋದು ಗುನ್ಹಾ ಇದೆ. ಜೇಲು ಆಗ್ತದೆ."

ನಾಗವ್ವ ದಂಗಾದಳು. "ಅದಕ್ಕೂ ಜೇಲೇನ್ರಿ? ಮತ್ತ ಅದರಿಂದ ನಮಗ ವರ್ಷಾ ವರ್ಷಾ ಲುಕ್ಸಾನ ಆಗ್ತದಲ್ಲ?"

"ಹದ್ದಿನಿಂದ ಎಲ್ಲರಿಗೂ ಲುಕ್ಸಾನೇ" ಅಂತ ಸಾಹೇಬರು ನಿಟ್ಟುಸಿರು ಬಿಟ್ರು. ಊರೂರು ಜಗಳ ನೋಡಿ ದಣಿದ ಮನಿಷ್ಯಾ.

ಸಂಜಿ ಆಗೋದ್ರಾಗ ಆ ಜಾಲಿಗಿಡದ ಈಚೆ ಮಗ್ಗಲಕ್ಕ ಸರ್ಕಾರಿ ಕಲ್ಲು ನಿಂತಿತು, ಮಡು ಪೂರಾ ನಮ್ಮ ಊರಿನ ಪಾಲಿಗಿ ಬಂತು. ಕಲ್ಲಿಗಿ ಸುಣ್ಣ ಬಳಿಯೋತನಕ ನನಗೂ ಆಟ ತಿಳಿದಿರಲಿಲ್ಲ. ಎರಡು ಭಾಷಾ ಬಲ್ಲವ ಅನ್ನೂ ಡೌಲು ಇದ್ದವಗ ಎರಡರ ನಡುವಿನ ಸಂದಿ ಕಾಣಲಿಲ್ಲ ನೋಡ್ರಿ. ತಿಳಿದ ಮ್ಯಾಲ ನಾಗವ್ವಗ ಬಿಡಿಸಿ ಹೇಳಿದ್ನಿ. ಆಕಿ ಹುಟ್ಟು ಹಾಕೋದು ನಿಲ್ಲಿಸಿದಳು.

"ನಾ ಸುಳ್ಳ ಹೇಳಿಲ್ಲಲೇ" ಅಂದಳು. "ಹದ್ದು ಅಲ್ಲೇ ಇತ್ತು."

ಒಂದೆರಡು ವಾರಕ್ಕ ಜಾಗೀರದ ಮಹೆಮಾನರೊಬ್ಬರು ಬಂದೇ ಬಂದ್ರು. ಹೆಗಲಿಗಿ ಬಂದೂಕ, ಕೊರಳಿಗಿ ದುರ್ಬೀನು. ಕಲ್ಲು ಕಂಡು ನಿಂತ್ರು. ಮುನ್ಶಿ ಮುಖ ಬ್ಯಾರೆ ಕಡಿ ಮಾಡಿದ್ರು. ಮಹೆಮಾನ ಸಾಹೇಬರು ಸಣ್ಣ ದನಿಲೆ, "ನೋಡಲಿಕ್ಕಾದರೂ ಬರಬಹುದಾ?" ಅಂತ ಕೇಳಿದ್ರು.

"ಬರ್ರಿ, ನೋಡಾಕ ಯಾರ ಬ್ಯಾಡಂತಾರ" ಅಂದಳು ನಾಗವ್ವ. "ಖರೆ ಬಂದೂಕ ಅಲ್ಲೇ ಕಲ್ಲಿಗಿ ಆನಿಸ್ರಿ. ಬೂಟೂ ಬಿಡ್ರಿ. ಬಾಣಂತಿ ಖೋಲ್ಯಾಗ ಹಂಗ ಬರ್ತಾರೇನ್ರಿ?"

ಬರಿಗಾಲಿಲೆ ಅವರು ಹರಗೋಲಿನ್ಯಾಗ ಕಾಲು ಮಡಚಿ ಕೂತ್ರು. ತಾಯಿ ಕೊಕ್ಕರಿ ಕುತಿಗಿ ಬಗ್ಗಿಸಿ ಮರಿಗಳ ಮುಂದ ಮೀನು ಕಾರೋದು ನೋಡ್ಕೋತ ಅವರ ಬಾಯಿ ಸಣ್ಣ ಮಕ್ಕಳಂಗ ತೆರೀತು. ಅಷ್ಟರಾಗ ಮ್ಯಾಲಿಂದ ನೆಳ್ಳು ಬಿತ್ತು. ಹದ್ದು ಇಳಿದು ಒಂದು ಮರಿ ಎತ್ಕೊಂಡು ಹೋತು. ಸಾಹೇಬರ ಕೈ ತಾನೇ ಹೆಗಲಿಗಿ ಹೋಗಿ ಖಾಲಿ ತಿರುಗಿತು. "ಬಂದೂಕ ತರಿಸಿ, ಈಗಲೇ ಬೀಳಿಸ್ತೇನೆ" ಅಂದ್ರು.

ಇಷ್ಟು ವರ್ಷ ನಾಗವ್ವ ಕಾಯ್ದದ್ದು ಇದೇ ಮಾತಿಗಿ. ನಾನು ಆಕಿ ಮಾರಿನೇ ನೋಡಾಕತ್ತಿದ್ನಿ.

"ಬ್ಯಾಡ್ರಿ" ಅಂದಳು ಕಡೀಕ. "ಅದರ ಮನ್ಯಾಗೂ ಬಾಣಂತಿ ಇದ್ದಾಳು."

ಸಾಹೇಬರು ದುರ್ಬೀನು ಒಣ ಜಾಲಿಗಿಡದ ಕಡಿ ತಿರುಗಿಸಿ, ನೋಡಿ, ಅದನ್ನ ನಾಗವ್ವನ ಕೈಯಾಗ ಕೊಟ್ರು. ತುದಿ ಟೊಂಗಿಗಿ ಕಡ್ಡಿ ಗೂಡು, ಅದರಾಗ ಎರಡು ಕೆಂಪು ಬಾಯಿ ತೆರೆದು ಕಾಯಾಕತ್ತಿದ್ವು. ಆಕಿ ಕಣ್ಣಿಗಿ ಹಿಡಿದು, ಕೆಳಗಿಳಿಸಿ, ಸೆರಗಿಲೆ ಕಣ್ಣು ಒರೆಸ್ಕೊಂಡು, ಹರಗೋಲು ಆ ಗಿಡದಿಂದ ದೂರ ತಿರುಗಿಸಿದಳು. "ಆ ಕಡೀನೂ ಗದ್ದಲ ಬ್ಯಾಡ" ಅಂದಳು. ಸರ್ಕಾರದ ಕಲ್ಲು ಹುಗಿದಲ್ಲೇ ಇತ್ತು. ಬಾಣಂತಿ ಮಡುವಿನ ಹದ್ದು ಮಾತ್ರ ಅವತ್ತು, ಆ ಒಣ ಜಾಲಿಗಿಡಾನೂ ಒಳಗ ತಗೊಂಡು, ಇನ್ನೊಂದು ಗಿಡದಷ್ಟು ಮುಂದ ಹೋತು.