ಝಾಡಿಸಿದ ಜ್ವರ

ಇದು ಆಗದ ಮಾತು ಅಂದವನು ನಮ್ಮ ದೊಡ್ಡಪ್ಪ. ಮಣ್ಣೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಅಪ್ಪನಿಗೆ ಅಂದ: “ರೊಟ್ಟಿ ಬಡಿಯೋ ಕೈಲೆ ಕಂಪ್ಯೂಟರ್ ಬಡೀತಾಳಂತ! ನಮ್ಮ ಮನ್ಯಾಗ ಗಂಡಸ್ರೇ ಏಳನೇ ಕ್ಲಾಸ್ ದಾಟಿಲ್ಲ. ಇಕಿ ಡಿಗ್ರಿ ತರ್ತಾಳೇನ್ಲೇ?”

ಒಳಗಿಂದ ಅವ್ವನೇ ಉತ್ತರ ಕೊಟ್ಟಳು: “ತರ್ತಾಳ್ರಿ ಭಾವಾರ. ನೀವು ಚಾ ಕುಡೀರಿ, ಆರಾಕತ್ತದ.”

ತೊಂಬತ್ತರ ದಶಕದ ಕೊನೆ. ಗುಲಬರ್ಗಾದ ಕಾಲೇಜಿನಲ್ಲಿ ನನ್ನದು ಕಡೆಯ ವರ್ಷ. ಕಂಪ್ಯೂಟರಿನ ಯಂತ್ರಭಾಗಗಳನ್ನೆಲ್ಲ ಆಳುವ ಒಳಗಿನ ಪ್ರೋಗ್ರಾಮಿಗೆ ಕರ್ನಲ್ ಅನ್ನುತ್ತಾರೆ. ಅದಕ್ಕೆ ನಾನು ಎರಡು ತುಂಡು ಬರೆಯಬೇಕಿತ್ತು. ಒಂದು, ಬಿಸಿ ಎಷ್ಟಿದೆ ಎಂದು ಅಳೆಯುವ ಚಿಪ್‌ನಿಂದ ಓದಿ ಹೇಳುವುದು. ಇನ್ನೊಂದು, ಬಿಸಿ ಮಿತಿ ದಾಟಿದರೆ ಫ್ಯಾನು ಜೋರು ಮಾಡಿ, ಪ್ರೊಸೆಸರಿನ ಓಟ ತಗ್ಗಿಸಿ ಯಂತ್ರವನ್ನು ಉಳಿಸುವುದು. ಮೊದಲನೆಯದು ಬೇಗ ಮುಗಿಯಿತು. ಪರದೆಯ ಮೇಲೆ ಅಂಕಿ ಏರುವುದನ್ನು ನೋಡುತ್ತ ಹಿಗ್ಗುತ್ತಿದ್ದಾಗಲೇ ಯಂತ್ರ ಕಾದು ಬಂದ್ ಬಿತ್ತು. “ಅಂಕಿ ಓದಿದ್ರ ಆರ್ತದೇನವಾ?” ಎಂದು ಲ್ಯಾಬಿನ ಸರ್ ನಕ್ಕರು.

ಹಿಂದಿನ ವರ್ಷ ಅವ್ವನಿಗೆ ಜ್ವರ ಬಂದಾಗ ಅಫಜಲಪುರದ ದವಾಖಾನೆಯ ನರ್ಸ್ ಅವಳ ಬಾಯಲ್ಲಿ ಥರ್ಮಾಮೀಟರ್ ಇಟ್ಟು, ತೆಗೆದು ನೋಡಿ, ಪಾದರಸ ಇಳಿಯಲೆಂದು ಝಾಡಿಸಿ, ಗುಳಿಗೆ ಕೊಟ್ಟಿದ್ದಳು. ಅವ್ವ ಗುಳಿಗೆಯನ್ನು ಮರೆತಳು. “ಆ ಕಾಜಿನ ಕಡ್ಡೀನೇ ನನ್ನ ಉಳಿಸ್ತು” ಎಂದು ಓಣಿಯಲ್ಲೆಲ್ಲ ಹೇಳಿದಳು. ಚೇಷ್ಟೆ ಮಾಡುತ್ತಿದ್ದಾಳೆಂದು ನಾವೆಲ್ಲ ನಕ್ಕೆವು. ಮುಂದಿನ ಸಲ ಊರಿಗೆ ಹೋಗುವಾಗ ನಾನೇ ಒಂದು ಥರ್ಮಾಮೀಟರ್ ಕೊಂಡೊಯ್ದೆ. ಪಾದರಸ ಕೆಂಪು ಗೆರೆ ದಾಟಿದರೆ ಅವ್ವನನ್ನು ಬಸ್ ಹತ್ತಿಸಿ ದವಾಖಾನೆಗೆ ಒಯ್ಯಬೇಕೆಂದು ಅಪ್ಪನಿಗೆ ತೋರಿಸಿಕೊಟ್ಟೆ.

ಆ ಬೇಸಿಗೆ ಅಪ್ಪ ಹಾಸ್ಟೆಲಿಗೆ ಫೋನ್ ಮಾಡಿದ: “ಅವ್ವನ ಮೈ ಬೆಚ್ಚಗಾಗ್ಯಾದ. ಗೆರಿ ಕೆಳಗೇ ಅದ, ನೀ ಓದ್ಕೋ.” ನಾನು ಓದಿಕೊಂಡೆ. ಮುಂದಿನ ಫೋನ್ ದೊಡ್ಡಪ್ಪನದು: “ಬಸ್ ಹಿಡದು ಬಾ, ಮಗಳೇ.”

ನಾನು ದವಾಖಾನೆ ಮುಟ್ಟುವಷ್ಟರಲ್ಲಿ ಅವ್ವನ ಮುಖಕ್ಕೆ ಸೆರಗು ಹೊದಿಸಿದ್ದರು. ಬಾಗಿಲಲ್ಲಿ ಕೂತಿದ್ದ ಅಪ್ಪನ ಕೈಯಲ್ಲಿ ಥರ್ಮಾಮೀಟರ್ ಇತ್ತು.

“ದಿನಾ ಇಟ್ಟೇನವ್ವಾ, ಮುಂಜಾನಿ, ಸಂಜಿಗಿ. ಮೈಯಾಗಿನ ಕಾವು ಕಡ್ಡಿಗಿ ಏರ್ತಿತ್ತು. ಅಂಗಳಕ್ಕ ಹೋಗಿ ಝಾಡಿಸಿ ಚೆಲ್ಲಿ ಬರ್ತಿದ್ದೆ. ಝಾಡಿಸಿದ ಮ್ಯಾಲ ನೋಡಿದ್ರ ಗೆರಿ ಕೆಳಗೇ ಇರ್ತಿತ್ತು. ಇಳೀತು ಅನ್ಕೊಂಡೆ.” ಕಡ್ಡಿಯನ್ನು ನನ್ನ ಮುಂದೆ ಹಿಡಿದು ಕೇಳಿದ: “ನಾ ಸರಿಯಾಗೇ ಝಾಡಿಸಿದ್ನಲ್ಲವ್ವಾ?”

“ಹೌದಪ್ಪಾ” ಅಂದೆ.

ಅವ್ವನಿಗೆ ಮಣ್ಣು ಕೊಟ್ಟು ತಿರುಗಿ ಕಾಲೇಜಿಗೆ ಹೋಗಿ ಎರಡನೆಯ ತುಂಡನ್ನೂ ಬರೆದು ಮುಗಿಸಿದೆ. ಯಂತ್ರ ಬಿಸಿಯಾಯಿತು, ತಾನೇ ತಣಿಯಿತು, ನಡೆಯುತ್ತಲೇ ಇತ್ತು. ಎರಡು ತುಂಡು ಯಾಕೆ, ಒಂದೇ ಸಾಲದೇ ಎಂದರು ಪರೀಕ್ಷಕರು. ಓದುವ ತುಂಡು ಸುಳ್ಳು ಹೇಳುವುದಿಲ್ಲ ಸರ್, ಆದರೆ ಉಳಿಸುವುದು ಅದರ ಕೆಲಸವಲ್ಲ ಎಂದೆ. ಅವರು ತಲೆಯಾಡಿಸಿ ಮುಂದಿನದನ್ನು ಕೇಳಿದರು. ನನಗೆ ಅದು ಕೇಳಿಸಲೇ ಇಲ್ಲ.

ಪಾಸಾದೆ. ಮನೆತನಕ್ಕೆ ಮೊದಲ ಡಿಗ್ರಿ; ಯಾರ ವಶೀಲಿಯೂ ಇಲ್ಲದೆ ಬಂದದ್ದು. ಸರ್ಟಿಫಿಕೇಟು ಒಯ್ದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವನು ಧೋತರಕ್ಕೆ ಕೈ ಒರೆಸಿಕೊಂಡು ತಗೊಂಡ. ಅಕ್ಷರಗಳ ಮೇಲೆ ಬೆರಳಿಟ್ಟು, “ಇದು ನಿನ್ನ ಹೆಸರು?” ಅಂದ.

“ಹೌದ್ರಿ.”

“ಇದು ನಿಮ್ಮಪ್ಪಂದು?”

“ಹೌದ್ರಿ.”

ಬೆರಳು ಕೆಳಗಿನ ಸಾಲುಗಳವರೆಗೂ ಹೋಗಿ ನಿಂತಿತು.

“ನಿಮ್ಮವ್ವಂದು ಎಲ್ಲ್ಯದವ್ವಾ?”